ಇಲ್ಲದ ಯುದ್ಧನೌಕೆಗಳ ಕ್ಯಾಟಲಾಗ್ ಮಾಡುವುದು ಹೇಗೆ

ಪರ್ಯಾಯ ಇತಿಹಾಸದ ನೌಕಾ ಗೇಮ್ ಕಟ್ಟುವವರು, ಅಥವಾ ಇರುವ ಗೇಮ್‌ಗೆ ಮಾಡ್ (ಆಟಗಾರರೇ ಸೇರಿಸುವ ಬದಲಾವಣೆ) ಬರೆಯುವವರು, ಸಾಮಾನ್ಯವಾಗಿ ತೋಪಿನಿಂದ ಶುರು ಮಾಡುತ್ತಾರೆ. ಹನ್ನೆರಡು 16 ಇಂಚಿನ ತೋಪು, 33 ನಾಟ್ ವೇಗ, 14 ಇಂಚಿನ ಕವಚ, ಗತ್ತಿನ ಒಂದು ಹೆಸರು. ಹೀಗೇ ಒಂದಷ್ಟು ಹಡಗು ತುಂಬಿಸುವಷ್ಟರಲ್ಲಿ ಸ್ಪ್ರೆಡ್‌ಶೀಟ್ ಸಂತೆಯಾಗಿರುತ್ತದೆ. ಯಾವ ಹಡಗು ಯಾವ ವರ್ಷ ಹೇಗಿತ್ತು, ಯಾವ ಅಂಕಿ ನಿಜದ್ದು, ಯಾವುದು ನಾವೇ ಹಾಕಿದ್ದು, ಒಂದೂ ಗೊತ್ತಾಗಲ್ಲ. ನಿಜವಾದ ಹಡಗಾದರೆ ಅನುಮಾನ ಬಂದಾಗ ಎಲ್ಲಾದರೂ ತೆಗೆದು ನೋಡಬಹುದು. ಇಲ್ಲದ ಹಡಗಿಗೆ ನಿಮ್ಮ ಫೈಲ್ ಒಂದೇ ದಾಖಲೆ. ಅದಕ್ಕೇ ಅದನ್ನು ಸ್ವಲ್ಪ ಜಾಸ್ತಿ ಶಿಸ್ತಿನಿಂದ ಇಡಬೇಕು.

ಉದಾಹರಣೆಗೆ ಎಲ್ಲರಿಗೂ ಇಷ್ಟವಾದ ಕವಲನ್ನೇ (ನಿಮ್ಮ ಕಥೆ ನಿಜ ಇತಿಹಾಸದಿಂದ ಬೇರೆಯಾಗುವ ಜಾಗ) ತಗೊಳ್ಳೋಣ: ದೊಡ್ಡ ದೇಶಗಳ ಯುದ್ಧನೌಕೆಗಳ ಸಂಖ್ಯೆ, ಗಾತ್ರಕ್ಕೆ ಮಿತಿ ಹಾಕಿದ ವಾಷಿಂಗ್ಟನ್ ನೌಕಾ ಒಪ್ಪಂದ ಆಗಲೇ ಇಲ್ಲ ಅಂತ.

ಮೊದಲು ಕವಲಿನ ದಿನ ಬರೆಯಿರಿ

ಸಮ್ಮೇಳನ ಶುರುವಾಗಿದ್ದು 1921ರ ನವೆಂಬರ್ 12ಕ್ಕೆ, ಸಹಿ ಬಿದ್ದಿದ್ದು 1922ರ ಫೆಬ್ರವರಿ 6ಕ್ಕೆ. ಈ ನಡುವೆ ಯಾವ ದಿನ ಮಾತು ಮುರಿದುಬಿತ್ತು ಅಂತ ನೀವು ತೀರ್ಮಾನ ಮಾಡಿ, ಫೈಲ್‌ನ ಮೊದಲ ಸಾಲಲ್ಲೇ ಬರೆಯಿರಿ. ಆ ದಿನದವರೆಗಿನದ್ದೆಲ್ಲ ನಿಜ ಇತಿಹಾಸ, ಮುಟ್ಟುವ ಹಾಗಿಲ್ಲ. ಅದರಾಚೆಗಿನ ಪ್ರತಿಯೊಂದಕ್ಕೂ ನೀವೇ ಜವಾಬ್ದಾರಿ.

ಒಪ್ಪಂದ ಇಲ್ಲ ಅಂದರೆ ಏನೆಲ್ಲ ಬರುತ್ತದೆ? ಬ್ರಿಟನ್ನಿನ ನಾಲ್ಕು ಜಿ3 ಬ್ಯಾಟಲ್‌ಕ್ರೂಸರ್‌ಗಳು (ಸಾಮಾನ್ಯವಾಗಿ ಬ್ಯಾಟಲ್‌ಶಿಪ್‌ನಂಥ ದೊಡ್ಡ ತೋಪು, ಆದರೆ ವೇಗ ಜಾಸ್ತಿ, ಕವಚ ಕಡಿಮೆ ಇರುವ ಹಡಗು). ಅಮೆರಿಕದ ಆರು ಲೆಕ್ಸಿಂಗ್ಟನ್ ಬ್ಯಾಟಲ್‌ಕ್ರೂಸರ್, ಆರು ಸೌತ್ ಡಕೋಟಾ ಬ್ಯಾಟಲ್‌ಶಿಪ್. ಜಪಾನಿನ ತೋಸಾ, ಕಾಗಾ, ಮತ್ತೆ ಅಮಾಗಿ ಕ್ಲಾಸ್ (ಕ್ಲಾಸ್ ಅಂದರೆ ಒಂದೇ ವಿನ್ಯಾಸದ ಹಡಗುಗಳ ಗುಂಪು). ಇವು ಕಾಗದದ ಮೇಲೆ ಇದ್ದವು, ಕೆಲವಂತೂ ಅರ್ಧ ಕಟ್ಟಿಯೂ ಆಗಿತ್ತು. ಹಾಗಾಗಿ ಒಳ್ಳೆಯ ಅಂಕಿಅಂಶ ಸಿಗುತ್ತದೆ.

ಏನೆಲ್ಲ ಹೋಗುತ್ತದೆ ಅನ್ನುವುದನ್ನು ಮಾತ್ರ ಎಷ್ಟೋ ಜನ ಮರೆಯುತ್ತಾರೆ. ನೆಲ್ಸನ್, ರಾಡ್ನಿ ಹುಟ್ಟಿದ್ದೇ 35,000 ಟನ್ ಮಿತಿಯಿಂದ, ಆದ್ದರಿಂದ ಅವೆರಡೂ ಇಲ್ಲ. ಲೆಕ್ಸಿಂಗ್ಟನ್, ಸರಟೋಗಾ, ಅಕಾಗಿ, ಕಾಗಾ ವಿಮಾನವಾಹಕ ನೌಕೆಗಳಾಗಿದ್ದು ಒಪ್ಪಂದದ ದೆಸೆಯಿಂದ, ಆದ್ದರಿಂದ ನಿಮ್ಮ 1941ರಲ್ಲಿ ಆ ನಾಲ್ಕು ಕ್ಯಾರಿಯರ್ ಇರಲ್ಲ. ಕರೇಜಸ್, ಗ್ಲೋರಿಯಸ್ ಕೂಡ ಕ್ಯಾರಿಯರ್ ಆಗದೆ ಉಳಿದರೆ ಅವುಗಳ 15 ಇಂಚಿನ ಟರೆಟ್‌ಗಳು (ತೋಪು ಕೂರಿಸಿದ ತಿರುಗುವ ಗೋಪುರಗಳು) ಬಿಡುವಾಗಲ್ಲ. ಆ ಟರೆಟ್‌ಗಳನ್ನೇ ಇಟ್ಟು ಕಟ್ಟಿದ ಬ್ಯಾಟಲ್‌ಶಿಪ್ ವ್ಯಾನ್‌ಗಾರ್ಡ್‌ಗೆ ಅಲ್ಲಿಗೆ ಕಲ್ಲು ಬಿತ್ತು. ಅದಕ್ಕೆ "ತೆಗೆದವು" ಅಂತ ಒಂದು ಬೇರೆ ಶೀಟ್ ಇಡಿ, ಪ್ರತಿ ಹೆಸರಿನ ಮುಂದೆ ಯಾಕೆ ತೆಗೆದಿರಿ ಅಂತ ಒಂದು ಸಾಲು ಬರೆಯಿರಿ.

ಕಾಲಂಗಳ ಹೆಸರಲ್ಲೂ ಇದೇ ಅಪಾಯ ಇದೆ. "ಸ್ಟ್ಯಾಂಡರ್ಡ್ ಡಿಸ್‌ಪ್ಲೇಸ್‌ಮೆಂಟ್" ಅಂತ ಎಲ್ಲರೂ ಕಣ್ಣುಮುಚ್ಚಿ ಕಾಲಂ ಮಾಡುತ್ತಾರೆ. ಇಂಧನ ಮತ್ತು ಬಾಯ್ಲರ್‌ನ ಮೀಸಲು ನೀರು ಬಿಟ್ಟು ತೂಕ ಹಾಕುವ ಆ ಅಳತೆ ಬಂದಿದ್ದೇ ಈ ಒಪ್ಪಂದದಲ್ಲಿ! ಒಪ್ಪಂದ ಇಲ್ಲದ ಜಗತ್ತಿನಲ್ಲಿ ನಾರ್ಮಲ್ (ಮಾಮೂಲಿ ಹೊರೆಯ ತೂಕ) ಮತ್ತು ಡೀಪ್ ಲೋಡ್ (ಪೂರ್ತಿ ತುಂಬಿದಾಗಿನ ತೂಕ), ಎರಡೇ ಕಾಲಂ ಇಡಿ. 8 ಇಂಚಿನ ತೋಪಿನ 10,000 ಟನ್ ಕ್ರೂಸರ್ ಕೂಡ ಅಷ್ಟೇ, ಅದನ್ನು ಸುಮ್ನೆ ತಂದು ಸೇರಿಸಬೇಡಿ. ಆ ಗಾತ್ರ ಯಾರೂ ಆಸೆಪಟ್ಟು ಆರಿಸಿದ್ದಲ್ಲ, ಒಪ್ಪಂದ ಬಿಟ್ಟಿದ್ದೇ ಅಷ್ಟು.

ಇನ್ನೊಂದು, ಪ್ರಕೃತಿಗೆ ನಿಮ್ಮ ಕವಲು ಗೊತ್ತಿಲ್ಲ. 1923ರ ಸೆಪ್ಟೆಂಬರ್ 1ರ ಕಾಂಟೋ ಭೂಕಂಪದಲ್ಲಿ ಯೊಕೊಸುಕಾದಲ್ಲಿದ್ದ ಅಮಾಗಿಯ ಹಲ್ (ಹಡಗಿನ ಒಡಲು) ರಿಪೇರಿಗೆ ಬಾರದಷ್ಟು ಹಾಳಾಯಿತು. ನಿಮ್ಮ ಜಗತ್ತಿನಲ್ಲೂ ಭೂಕಂಪ ಆಗಿಯೇ ಆಗುತ್ತದೆ. ಆದರೆ ಒಪ್ಪಂದಕ್ಕಾಗಿ ಕೆಲಸ ನಿಲ್ಲದಿದ್ದರೆ ಅಷ್ಟರಲ್ಲಿ ಅಮಾಗಿ ನೀರಿಗಿಳಿದಿರಬಹುದಿತ್ತು ಅಲ್ವಾ? ಉಳಿಸುತ್ತೀರೋ ಕಳೆಯುತ್ತೀರೋ ನಿಮ್ಮಿಷ್ಟ. ಟಿಪ್ಪಣಿ ಮಾತ್ರ ಬರೆದಿಡಿ.

ಹಡಗಿಗೊಂದು ಸಾಲು ಸಾಲದು

ಕ್ಯಾಟಲಾಗ್ ಕೆಡುವುದು ಹೆಚ್ಚಾಗಿ ಇಲ್ಲೇ. ಹಡಗಿಗೆ ಒಂದೇ ಸಾಲು ಕೊಟ್ಟರೆ ಅದು ಯಾವ ವರ್ಷದ ಹಡಗು? ಜಪಾನಿನ ಕೊಂಗೋ ನೋಡಿ. 1913ರಲ್ಲಿ ಇಂಗ್ಲೆಂಡಿನ ವಿಕರ್ಸ್ ಯಾರ್ಡಿನಿಂದ ಬಂದಾಗ ಅದು ಬ್ಯಾಟಲ್‌ಕ್ರೂಸರ್, 64,000 ಅಶ್ವಶಕ್ತಿ, 27.5 ನಾಟ್. 1931ಕ್ಕೆ ಮೊದಲ ಮರುನಿರ್ಮಾಣ ಮುಗಿದಾಗ ಕವಚ ಜಾಸ್ತಿಯಾಗಿ, ವೇಗ 26ಕ್ಕೆ ಇಳಿದು, ಬ್ಯಾಟಲ್‌ಶಿಪ್ ಅಂತ ಕರೆಸಿಕೊಂಡಿತು. 1937ಕ್ಕೆ ಎರಡನೆಯದು ಮುಗಿದಾಗ 136,000 ಅಶ್ವಶಕ್ತಿ, 30 ನಾಟ್. ಹೆಸರು ಒಂದೇ, ಗೇಮ್‌ಗೆ ಮೂರು ಹಡಗು.

ಆದ್ದರಿಂದ ನಾಲ್ಕು ಶೀಟ್ ಮಾಡಿ. ಕ್ಲಾಸ್ ಶೀಟ್‌ನಲ್ಲಿ ವಿನ್ಯಾಸದ ವರ್ಷ, ದೇಶ, ಎಷ್ಟು ಹಡಗಿಗೆ ಆರ್ಡರ್ ಆಯಿತು ಅನ್ನುವುದಷ್ಟೇ ಇರಲಿ. ಹಡಗಿನ ಶೀಟ್‌ನಲ್ಲಿ ಬದಲಾಗದ ಸಂಗತಿಗಳು: ಯಾರ್ಡ್, ಕೀಲ್ ಇಟ್ಟ (ಅಂದರೆ ಕಟ್ಟಲು ಶುರುಮಾಡಿದ) ದಿನ, ನೀರಿಗಿಳಿದ ದಿನ, ಸೇವೆಗೆ ಸೇರಿದ ದಿನ, ಕೊನೆ ಏನಾಯಿತು. ಮೂರನೆಯದು ಸ್ಥಿತಿಯ ಶೀಟ್. ಕವಚ, ವೇಗ, ತೂಕ, ವಿಮಾನ ನಿರೋಧಕ ತೋಪುಗಳು, ಎಲ್ಲ ಇಲ್ಲೇ, ಪ್ರತಿ ಸಾಲಿಗೂ "ಇಂದ" ಮತ್ತು "ವರೆಗೆ" ದಿನಾಂಕದ ಜೊತೆ. ನಾಲ್ಕನೆಯದು ತೋಪಿನ ಶೀಟ್. ಬ್ರಿಟನ್ನಿನ 15 ಇಂಚಿನ ತೋಪು ಕ್ವೀನ್ ಎಲಿಜಬೆತ್‌ನಿಂದ ಹಿಡಿದು ಹುಡ್‌ವರೆಗೆ ಎಷ್ಟೋ ಹಡಗಿನಲ್ಲಿದೆ. ಅದರ ಗುಂಡಿನ ತೂಕವನ್ನು ಪ್ರತಿ ಹಡಗಿನಲ್ಲೂ ಟೈಪ್ ಮಾಡುತ್ತಾ ಕೂತರೆ ಒಂದಲ್ಲ ಒಂದು ಕಡೆ ತಪ್ಪುತ್ತದೆ. ತೋಪು ಬೇರೆ, ಅದನ್ನು ಕೂರಿಸಿದ ಮೌಂಟ್ ಬೇರೆ ಅನ್ನುವುದೂ ನೆನಪಿರಲಿ. ಅದೇ 15 ಇಂಚಿನ ತೋಪು ವಾರ್‌ಸ್ಪೈಟ್‌ನಲ್ಲಿ ಮೊದಲು 20 ಡಿಗ್ರಿ ಏಳುತ್ತಿತ್ತು, 1937ಕ್ಕೆ ಮುಗಿದ ಮರುನಿರ್ಮಾಣದ ನಂತರ 30 ಡಿಗ್ರಿ. ಗುಂಡು ಎಷ್ಟು ದೂರ ಹೋಗುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ.

ಐಡಿ ಯಾವತ್ತೂ ಹಡಗಿನ ಹೆಸರಾಗಬಾರದು. ಬ್ರೆಜಿಲ್‌ಗೆ ರಿಯೋ ಡಿ ಜನೈರೋ ಅಂತ ಕಟ್ಟಲು ಶುರುವಾದ ಹಡಗನ್ನು ತುರ್ಕಿಯವರು ಕೊಂಡು ಸುಲ್ತಾನ್ ಉಸ್ಮಾನ್ ಅಂದರು, 1914ರಲ್ಲಿ ಬ್ರಿಟನ್ ಕಿತ್ತುಕೊಂಡು ಅಜಿನ್‌ಕೋರ್ಟ್ ಅಂತ ಹೆಸರಿಟ್ಟಿತು. ನಿಜ ಇತಿಹಾಸವೇ ಹೀಗಿದ್ದಮೇಲೆ ಕಲ್ಪನೆಯದು ಕೇಳಬೇಕೆ? ದೇಶ, ಬಗೆ, ಕ್ಲಾಸ್ ನಂಬರ್, ಹಡಗಿನ ನಂಬರ್, ಇಷ್ಟು ಸಾಕು. ಒಮ್ಮೆ ಕೊಟ್ಟ ಐಡಿಯನ್ನು ಹಡಗು ಅಳಿಸಿದರೂ ಇನ್ನೊಂದಕ್ಕೆ ಕೊಡಬೇಡಿ. ಹಳೆಯ ಸೇವ್ ಫೈಲ್‌ಗಳು ಹಾಳಾಗುತ್ತವೆ.

ಅಂಕಿಗಳು ಸುಳ್ಳು ಹೇಳುತ್ತಿವೆಯಾ ನೋಡಿ

ಮೇಲೆ ಹೇಳಿದ ಹನ್ನೆರಡು ತೋಪಿನ, 33 ನಾಟಿನ ಹಡಗಿಗೆ ನೀವು 43,000 ಟನ್ ಅಂತ ಬರೆದಿದ್ದೀರಿ ಅಂದುಕೊಳ್ಳಿ. ಅದೇ ಕಾಲದ, ಅದೇ ದೇಶದ, ಹೆಚ್ಚುಕಮ್ಮಿ ಅದೇ ತೂಕದ ಎರಡು ವಿನ್ಯಾಸ ಪಕ್ಕದಲ್ಲಿಡಿ. 1920ರ ಸೌತ್ ಡಕೋಟಾ: 43,200 ಟನ್, ಹನ್ನೆರಡು 16 ಇಂಚಿನ ತೋಪು, 13.5 ಇಂಚಿನ ಬೆಲ್ಟ್ (ಪಕ್ಕದ ಕವಚ), ವೇಗ ಬರೀ 23 ನಾಟ್. ಲೆಕ್ಸಿಂಗ್ಟನ್: 43,500 ಟನ್, ವೇಗ 33 ನಾಟ್, ಆದರೆ ತೋಪು ಎಂಟೇ, ಬೆಲ್ಟ್ 7 ಇಂಚು. ಆ ಹತ್ತು ನಾಟ್‌ಗೋಸ್ಕರ 60,000 ಅಶ್ವಶಕ್ತಿ ಇದ್ದದ್ದು 180,000 ಆಯಿತು. ಬಾಯ್ಲರ್, ಟರ್ಬೈನ್ ಎಲ್ಲ ಎಲ್ಲಿಡ್ತೀರಿ? ಹಡಗು ಉದ್ದವಾಗಬೇಕು, ಉದ್ದವಾದರೆ ಕವಚ ಹೊದಿಸುವ ಜಾಗವೂ ಜಾಸ್ತಿ. ಎರಡೂ ಬೇಕು ಅಂದರೆ ಬ್ರಿಟಿಷರ ಜಿ3 ಹಾಗೆ 48,400 ಟನ್‌ಗೆ ಹೋಗಬೇಕು, ಅಲ್ಲಿ ಕೂಡ ತೋಪು ಒಂಬತ್ತೇ, ವೇಗ 32.

ಪರೀಕ್ಷೆಗೆ ಎರಡು ಲೆಕ್ಕ ಸಾಕು. ಮೊದಲನೆಯದು ತೂಕ. ನೀರಿನ ಮಟ್ಟದಲ್ಲಿ ಉದ್ದ, ಅಗಲ, ನೀರೊಳಗಿನ ಆಳ, ಮೂರನ್ನೂ ಅಡಿಯಲ್ಲಿ ಗುಣಿಸಿ, ಬ್ಲಾಕ್ ಕೋಎಫಿಷಿಯೆಂಟ್‌ನಿಂದ (ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಹಲ್ ನಿಜವಾಗಿ ತುಂಬುವ ಪಾಲು) ಮತ್ತೆ ಗುಣಿಸಿ, 35ರಿಂದ ಭಾಗಿಸಿ. ಒಂದು ಲಾಂಗ್ ಟನ್ ಸಮುದ್ರದ ನೀರು ಸುಮಾರು 35 ಘನ ಅಡಿ ಅನ್ನುವುದೇ ಇದರ ಹಿಂದಿನ ವಿಷಯ. 700 ಅಡಿ ಉದ್ದ, 100 ಅಡಿ ಅಗಲ, 29 ಅಡಿ ಆಳ, ಕೋಎಫಿಷಿಯೆಂಟ್ 0.58 ಅಂದರೆ 33,640 ಟನ್. ನೀವು 43,000 ಬರೆದಿದ್ದರೆ ಎಲ್ಲೋ ಒಂದು ಅಂಕಿ ತಪ್ಪಿದೆ. ಎರಡನೆಯದು ವೇಗ. ಬೇಕಾಗುವ ಶಕ್ತಿ ಹೆಚ್ಚುಕಮ್ಮಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಹತ್ತು ಪರ್ಸೆಂಟ್ ಏರಿಸಿದರೆ ಶಕ್ತಿ ಮೂವತ್ತಮೂರು ಪರ್ಸೆಂಟ್ ಏರಬೇಕು, ವೇಗ ಜಾಸ್ತಿಯಾದ ಹಾಗೆ ಇನ್ನೂ ಜಾಸ್ತಿ. ಇದಕ್ಕಿಂತ ಆಳಕ್ಕಿಳಿಯಬೇಕು ಅಂದರೆ ಸ್ಪ್ರಿಂಗ್‌ಶಾರ್ಪ್ ಅನ್ನುವ ಪ್ರೋಗ್ರಾಂ ಇದೆ. ಹಲ್ ಗಟ್ಟಿ ಇದೆಯಾ, ಹಡಗು ಮಗುಚುತ್ತದಾ ಅಂತ ಕೂಡ ಹೇಳುತ್ತದೆ. ಅದರ ಇಂಟರ್‌ಫೇಸ್ ಮಾತ್ರ ಹಳೇ ಕಾಲದ್ದು, ಸ್ವಲ್ಪ ತಾಳ್ಮೆ ಬೇಕು.

ಹಡಗು ತೇಲಿದರೆ ಆಗಲಿಲ್ಲ, ಅದನ್ನು ಕಟ್ಟೋರು ಯಾರು? ಹುಡ್‌ಗೆ ಕೀಲ್ ಇಟ್ಟಿದ್ದು 1916ರ ಸೆಪ್ಟೆಂಬರ್, ಸೇವೆಗೆ ಸೇರಿದ್ದು 1920ರ ಮೇ. ಬಿಸ್ಮಾರ್ಕ್ 1936ರಿಂದ 1940, ಯಮಾಟೊ 1937ರಿಂದ 1941. ಅಂದರೆ ದೊಡ್ಡ ಹಡಗಿಗೆ ನಾಲ್ಕು ವರ್ಷ ಹಿಡಿಯಿರಿ. 1906ರ ಬ್ರಿಟಿಷ್ ಬ್ಯಾಟಲ್‌ಶಿಪ್ ಡ್ರೆಡ್‌ನಾಟ್ ಸುಮಾರು ಹದಿನಾಲ್ಕೇ ತಿಂಗಳಿಗೆ ಮುಗೀತಲ್ಲ ಅಂತ ಯಾರಾದರೂ ವಾದಕ್ಕೆ ಬರುತ್ತಾರೆ. ಅದಕ್ಕೆ ಲಾರ್ಡ್ ನೆಲ್ಸನ್ ಕ್ಲಾಸ್‌ಗಾಗಿ ಮಾಡಿದ್ದ ತೋಪುಗಳನ್ನೇ ಎತ್ತಿ ಹಾಕಿದ್ದರು. ತೋಪು, ಟರೆಟ್ ತಯಾರಾಗುವುದೇ ತಡ ಅನ್ನುವುದಕ್ಕೆ ಅದೇ ಸಾಕ್ಷಿ. ಸ್ಲಿಪ್‌ವೇಗೆ (ಹಡಗು ಕಟ್ಟಿ ನೀರಿಗಿಳಿಸುವ ಇಳಿಜಾರು) ಒಂದು ಕ್ಯಾಲೆಂಡರ್ ಇಡಿ, ಒಂದೇ ಸ್ಲಿಪ್‌ನಲ್ಲಿ ಒಂದೇ ಸಮಯಕ್ಕೆ ಎರಡು ಹಡಗು ಬಂದರೆ ಕೆಂಪು ಬಣ್ಣ ತೋರಿಸುವ ಹಾಗೆ ಮಾಡಿ. ಅಮೆರಿಕದ ಹಡಗಾದರೆ ಅಗಲ ನೋಡಿ. ಪನಾಮಾ ಕಾಲುವೆಯ ಆಗಿನ ಲಾಕ್‌ಗಳು (ಹಡಗು ಏರಿಸಿ ಇಳಿಸುವ ನೀರಿನ ತೊಟ್ಟಿಗಳು) 110 ಅಡಿ ಅಗಲ, ಅಯೋವಾ ಕ್ಲಾಸ್ 108 ಅಡಿಗೆ ನಿಂತಿದ್ದು ಅದಕ್ಕೇ.

ಹೆಸರು

ಹೆಸರಿಗೂ ಆಯಾ ದೇಶದ ಪದ್ಧತಿ ಇದೆ. ಜಪಾನಿನ ಬ್ಯಾಟಲ್‌ಶಿಪ್‌ಗೆ ಹಳೆಯ ಪ್ರಾಂತ್ಯದ ಹೆಸರು, ಬ್ಯಾಟಲ್‌ಕ್ರೂಸರ್‌ಗೆ ಬೆಟ್ಟದ ಹೆಸರು. ಅಕಾಗಿ ಬೆಟ್ಟ, ಕಾಗಾ ಪ್ರಾಂತ್ಯ. ಎರಡೂ ಕ್ಯಾರಿಯರ್ ಆದಮೇಲೂ ಹುಟ್ಟಿದ್ದೇನಾಗಿ ಅಂತ ಹೆಸರೇ ಹೇಳುತ್ತದೆ. ಅಮೆರಿಕದ ಬ್ಯಾಟಲ್‌ಶಿಪ್‌ಗೆ ರಾಜ್ಯಗಳ ಹೆಸರು. 1920ರ ಸೌತ್ ಡಕೋಟಾ ಕ್ಲಾಸ್‌ಗೆ ಬಿಬಿ-49ರಿಂದ 54ರವರೆಗೆ (ಬಿಬಿ ಅಂದರೆ ಬ್ಯಾಟಲ್‌ಶಿಪ್) ನಂಬರ್ ಹೋಗಿತ್ತು. ಅವನ್ನು ನೀವು ಕಟ್ಟಿಸಿದರೆ ಅವುಗಳ ಹೆಸರನ್ನೇ ಮತ್ತೆ ಪಡೆದ ಎರಡನೇ ಮಹಾಯುದ್ಧದ ಸೌತ್ ಡಕೋಟಾ, ನಾರ್ತ್ ಕ್ಯಾರೊಲೈನಾಗಳಿಗೆ ಬೇರೆ ಹೆಸರು ಹುಡುಕಬೇಕು. ಬ್ರಿಟನ್‌ನಲ್ಲಿ ರಾಜನ ಮಾತೂ ನಡೆಯುತ್ತಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚೆ, ಆಗ ನೌಕಾಪಡೆಯ ಮಂತ್ರಿಯಾಗಿದ್ದ ಚರ್ಚಿಲ್ ಒಂದು ಬ್ಯಾಟಲ್‌ಶಿಪ್‌ಗೆ ಆಲಿವರ್ ಕ್ರಾಮ್‌ವೆಲ್ ಅಂತ ಹೆಸರಿಡಲು ಹೊರಟಾಗ ಐದನೇ ಜಾರ್ಜ್ ಒಪ್ಪಲಿಲ್ಲ. ರಾಜನ ತಲೆ ತೆಗೆಸಿದವನ ಹೆಸರು, ಹೇಗೆ ಒಪ್ಪಿಯಾನು!

ನಮ್ಮವರಿಗೆ ಮೈಸೂರು ಅಂತ ಒಂದು ದೊಡ್ಡ ಹಡಗು ಬೇಕೇ ಬೇಕು, ಗೊತ್ತು. ತಪ್ಪೇನಿಲ್ಲ, ಆಧಾರ ಇದೆ. ಬ್ಯಾಟಲ್‌ಶಿಪ್ ಮಲಯಾದ ಖರ್ಚನ್ನು ಮಲಯ ಸಂಸ್ಥಾನಗಳ ಒಕ್ಕೂಟ ಕೊಟ್ಟಿತ್ತು. ಹಾಗೇ ಮೈಸೂರು ಸಂಸ್ಥಾನ ಕೊಟ್ಟಿತು ಅಂತ ಕಥೆ ಕಟ್ಟಬಹುದು. ಆದರೆ ರಾಯಲ್ ಇಂಡಿಯನ್ ನೇವಿ ಅನ್ನುವ ಹೆಸರು ಬಂದಿದ್ದು 1934ರಲ್ಲಿ. ಅದಕ್ಕೂ ಮುಂಚಿನ ಹಡಗಾದರೆ ಬ್ರಿಟಿಷ್ ನೌಕಾಪಡೆಯ ಲೆಕ್ಕದಲ್ಲೇ ಬರೆಯಿರಿ. ನಿಜದ ಐಎನ್‌ಎಸ್ ಮೈಸೂರು 1957ರಲ್ಲಿ ಬಂದದ್ದು, ಬ್ರಿಟನ್ನಿನ ನೈಜೀರಿಯಾ ಅನ್ನುವ ಹಳೆಯ ಕ್ರೂಸರ್. ನಿಮ್ಮ ಗೇಮ್ ಅಲ್ಲಿಯವರೆಗೆ ಹೋದರೆ ಹೆಸರು ಡಿಕ್ಕಿ ಹೊಡೆಯುತ್ತದೆ.

ಪ್ರತಿ ಅಂಕಿಗೂ ಗುರುತು

ಕೊನೆಯ ಕೆಲಸ ಬೇಸರದ್ದು, ಆದರೆ ಬಿಡಬೇಡಿ. ಪ್ರತಿ ಅಂಕಿಯ ಪಕ್ಕ ಒಂದಕ್ಷರ: ನಿಜವಾದರೆ "ನಿ", ನಿಜದ್ದನ್ನು ತಿದ್ದಿದ್ದರೆ "ತಿ", ಪೂರ್ತಿ ಕಲ್ಪನೆಯಾದರೆ "ಕ". ಒಂದು ನಮೂನೆ:

ಐಡಿ: ಬ್ರಿ-ಬಿಸಿ-04-02 (ಬಿಸಿ ಅಂದರೆ ಬ್ಯಾಟಲ್‌ಕ್ರೂಸರ್)
ಹೆಸರು: ಇನ್‌ವಿನ್ಸಿಬಲ್ (ಕ, ಹಳೆಯದು 1916ರಲ್ಲಿ ಜಟ್‌ಲೆಂಡ್‌ನಲ್ಲಿ ಮುಳುಗಿದ್ದರಿಂದ ಹೆಸರು ಖಾಲಿ)
ಆರ್ಡರ್: 1921 ಅಕ್ಟೋಬರ್ (ನಿ)
ಸೇವೆಗೆ: 1926 (ಕ)
ನಾರ್ಮಲ್ ತೂಕ: 48,400 ಟನ್ (ನಿ)
ತೋಪು: ಒಂಬತ್ತು 16 ಇಂಚು (ನಿ)
ವೇಗ: 31 ನಾಟ್ (ತಿ; ವಿನ್ಯಾಸದಲ್ಲಿ 32, ಕಟ್ಟುವಾಗ ತೂಕ ಏರಿತು ಅಂತ ಇಟ್ಟುಕೊಂಡಿದ್ದು)

ಆಟಗಾರರು ಜಗಳಕ್ಕೆ ಬಂದಾಗ ಈ ಅಕ್ಷರಗಳೇ ಕಾಪಾಡುತ್ತವೆ. "ನಿ" ಇರುವ ಅಂಕಿ ತಪ್ಪಾಗಿದ್ದರೆ ತಕ್ಷಣ ಸರಿಮಾಡಿ, "ಕ" ಇರುವುದನ್ನು ಚರ್ಚೆ ಮಾಡಿ, "ತಿ" ಇರುವುದಕ್ಕೆ ಕಾರಣ ತೋರಿಸಿ. ಪಕ್ಕದಿಂದ ಕಾಣುವ ಚಿತ್ರ ಸೇರಿಸುವುದಾದರೆ ಶಿಪ್‌ಬಕೆಟ್ (ಹಡಗಿನ ಪಿಕ್ಸೆಲ್ ಚಿತ್ರ ಬರೆಯುವವರ ವೆಬ್‌ಸೈಟ್) ಅಳತೆಯಲ್ಲಿ, ಅಂದರೆ ಅಡಿಗೆ ಎರಡು ಪಿಕ್ಸೆಲ್‌ನಂತೆ ಬರೆಯಿರಿ. ಎಲ್ಲ ಹಡಗನ್ನೂ ಸಾಲಾಗಿ ಇಟ್ಟಾಗ ಗಾತ್ರ ಸರಿಯಾಗಿ ಕಾಣುತ್ತದೆ, ಚಿತ್ರದ ಉದ್ದ ಮತ್ತು ಶೀಟ್‌ನ ಉದ್ದ ತಾಳೆಯಾಗದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಚಿತ್ರದ ಫೈಲ್‌ಗೂ ಹಡಗಿನ ಐಡಿಯನ್ನೇ ಹೆಸರಾಗಿ ಕೊಡಿ, ಜೊತೆಗೆ ಸ್ಥಿತಿಯ ವರ್ಷ.