ತವರಿಗೆ ಹೊರಡುವ ಮೊದಲು

ದಾವಣಗೆರೆಯಲ್ಲಿ ಗರ್ಭಿಣಿಯರಿಗೆ ಯೋಗ ಹೇಳಿಕೊಡುವ ನನಗೆ ಸೀಮಂತವೇ ದೊಡ್ಡ ತೊಡಕು. ಮೂರು ತಿಂಗಳು ತುಂಬಿ, ವಾಂತಿ ನಿಂತು, ಡಾಕ್ಟರು ಒಪ್ಪಿದ ಮೇಲೆ ಕ್ಲಾಸಿಗೆ ಬರುತ್ತಾರೆ. ಮೈ ಹದಕ್ಕೆ ಬರುವ ಹೊತ್ತಿಗೆ ಬಳೆ ತೊಟ್ಟು, ಮಡಿಲು ತುಂಬಿಸಿಕೊಂಡು ತವರಿಗೆ ಹೊರಟರು! ಕೊನೆಯ ತಿಂಗಳುಗಳು ಹರಪನಹಳ್ಳಿಯಲ್ಲೋ ಚನ್ನಗಿರಿಯಲ್ಲೋ ಕಳೆಯುತ್ತವೆ. ಹಾಗಾಗಿ ಹೆರಿಗೆ ಕೋಣೆಯಲ್ಲಿ ಬೇಕಾಗುವುದನ್ನೇ ಮೊದಲು ಕಲಿಸುತ್ತೇನೆ, ಆಸನ ಆಮೇಲೆ. ಸೀಮಂತಕ್ಕೆ ಮುಂಚೆ ಒಂದು ಸಲವಾದರೂ ಹುಡುಗಿಯ ತಾಯಿಯನ್ನು ಕರೆಸುತ್ತೇನೆ.

ಆಸನಗಳು ಕೆಲವೇ: ಅಂಗಾಲು ಜೋಡಿಸಿ ಕೂರುವ ಬದ್ಧಕೋನಾಸನ, ಗೋಡೆ ಹಿಡಿದು ತಾಡಾಸನ, ಅಂಗೈ ಮಂಡಿ ಊರಿ ಮಾರ್ಜಾಲಾಸನ. ಹೊಟ್ಟೆ ಒತ್ತುವಂಥದ್ದು, ರಭಸವಾಗಿ ಉಸಿರು ಹೊರದೂಡುವ ಕಪಾಲಭಾತಿ, ಉಸಿರು ಬಿಗಿಹಿಡಿಯುವ ಕುಂಭಕ ಯಾವುದೂ ಇಲ್ಲ. 20 ವಾರ ದಾಟಿದ ಮೇಲೆ ಶವಾಸನವೂ ಎಡಮಗ್ಗುಲಲ್ಲೇ, ಮೊಣಕಾಲ ನಡುವೆ ದಿಂಬಿಟ್ಟು. ಅಂಗಾತ ಮಲಗಿದರೆ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳದ ಮೇಲೆ ಬಿದ್ದು ತಲೆ ಸುತ್ತಬಹುದು. ಬಸಿರಿನಲ್ಲಿ ಕೀಲುಗಳ ಕಟ್ಟು ಸಡಿಲಾಗುವುದರಿಂದ, ಮೊದಲಿಗಿಂತ ಚೆನ್ನಾಗಿ ಬಗ್ಗುತ್ತೇನೆ ಎಂದು ಹಿಗ್ಗುವವರನ್ನೇ ನಾನು ಹೆಚ್ಚು ತಡೆಯುವುದು.

ಎಲ್ಲರೂ ನೆನಪಿಟ್ಟುಕೊಳ್ಳುವುದು ಐಸಿನ ಪಾಠವನ್ನು. ಅಂಗೈಗೆ ಐಸ್ ತುಂಡು ಕೊಟ್ಟು ಒಂದು ನಿಮಿಷ ಮುಷ್ಟಿ ಬಿಗಿಹಿಡಿಯಲು ಹೇಳುತ್ತೇನೆ. ಹೆರಿಗೆ ನೋವು ಜೋರಾದಾಗ ಒಂದೊಂದು ಅಲೆಯೂ ಸುಮಾರು ಅಷ್ಟೇ ಹೊತ್ತು ಇರುತ್ತದೆ. ಮೊದಲ ಸಲ ಹಲ್ಲು ಕಚ್ಚಿ, ಹೆಗಲು ಕಿವಿಯವರೆಗೆ ಏರಿರುತ್ತದೆ. ಮತ್ತೆ ಹಿಡಿಸುತ್ತೇನೆ. ಈಗ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ, ದವಡೆ ಸಡಿಲ. ಆರು ಉಸಿರಿಗೆ ನಿಮಿಷ ಮುಗಿಯಿತು. "ಆರೇ ಆರಾ ಮೇಡಂ?" ಎಂದು ಕೇಳುತ್ತಾರೆ. ಐಸು ಅಷ್ಟೇ ಕೊರೆಯುತ್ತದೆ, ಆದರೆ ಎಣಿಕೆಗೊಂದು ಕೊನೆಯಿದೆ ಎಂದು ಕೈಗೆ ಗೊತ್ತಾಗಿರುತ್ತದೆ.

ತಾಯಂದಿರು ಬಂದ ದಿನ ಕೋಣೆಯಲ್ಲಿ ಗದ್ದಲ. "ನಾವೇನು ಕ್ಲಾಸಿಗೆ ಹೋಗಿ ಹಡೆದ್ವಾ?" ಎನ್ನುತ್ತಲೇ ಕೂರುತ್ತಾರೆ. ಮಗಳು ಕುರ್ಚಿಯ ಬೆನ್ನಿಗೆ ತೋಳು ಊರಿ ಮುಂದಕ್ಕೆ ಬಾಗಿ ಕೂರಬೇಕು. ತಾಯಿ ಅವಳ ಸೊಂಟದ ಕೆಳಗಿನ ಚಪ್ಪಟೆ ಮೂಳೆಯ ಮೇಲೆ ಅಂಗೈಯ ಬುಡವನ್ನು ಊರಿ, ಮೈಭಾರ ಬಿಟ್ಟು ಒತ್ತಬೇಕು. ಮಗಳಿಗೆ ನೋವಾದೀತೆಂದು ಮೊದಮೊದಲು ಬರೀ ಸವರುತ್ತಾರೆ. "ಇನ್ನೂ ಕೆಳಕ್ಕೆ ಅವ್ವಾ... ಹಾಂ ಅಲ್ಲೇ, ಜೋರಾಗಿ ಒತ್ತು!" ಎಂದು ಮಗಳೇ ಹೇಳಬೇಕಾಗುತ್ತದೆ. ಬೆನ್ನಿನಲ್ಲಿ ನೋವು ಬಂದವರಿಗೆ ಈ ಒತ್ತು ಎಷ್ಟು ಆರಾಮ ಕೊಟ್ಟಿತೆಂದು ಬಾಣಂತನ ಮುಗಿಸಿ ಬಂದವರು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ವೇಳೆ ಒಬ್ಬ ಹೆಣ್ಣು ಜೊತೆಗಾರ್ತಿ ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆದರೂ ಎಲ್ಲ ಕಡೆ ಒಳಗೆ ಬಿಡುತ್ತಾರೆಂದಿಲ್ಲ. ಚೆಕಪ್ಪಿಗೆ ಹೋದಾಗಲೇ ಕೇಳಿಕೊಂಡು ಬನ್ನಿ ಎನ್ನುತ್ತೇನೆ.

"ಯೋಗ ಮಾಡಿದರೆ ನಾರ್ಮಲ್ ಗ್ಯಾರಂಟಿ" ಎನ್ನುವ ಬೋರ್ಡು ಕಂಡರೆ ನನಗೆ ಮೈ ಉರಿಯುತ್ತದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕೂತಿದ್ದರೆ ಯಾವ ಆಸನವೂ ಅದನ್ನು ಸರಿಸುವುದಿಲ್ಲ. ಸಿಸೇರಿಯನ್ ಆದ ಹುಡುಗಿ ತಾನೇ ಏನೋ ಸರಿಯಾಗಿ ಮಾಡಲಿಲ್ಲವೆಂದು ಕೊರಗುವುದಕ್ಕೆ ಇಂಥ ಮಾತುಗಳೇ ಕಾರಣ. ಆಪರೇಷನ್ ಟೇಬಲ್ ಮೇಲೂ ಅದೇ ಆರು ಉಸಿರು ಎಣಿಸಿದೆ ಎಂದವರೂ ನನ್ನ ಕ್ಲಾಸಿನಲ್ಲಿದ್ದಾರೆ.

ತವರಿಗೆ ಹೊರಡುವಾಗ ಒಂದು ಚೀಟಿ ಬರೆಸಿ ತಾಯಿ ಕಾರ್ಡಿನೊಳಗೆ ಇಡಿಸುತ್ತೇನೆ. ಚೊಚ್ಚಲಾದರೆ, ಐದೈದು ನಿಮಿಷಕ್ಕೊಮ್ಮೆ ಒಂದೊಂದು ನಿಮಿಷದ ನೋವು ಒಂದು ತಾಸು ಬಿಡದೆ ಬಂದರೆ ಆಸ್ಪತ್ರೆಗೆ. ಊರು ದೂರವಿದ್ದರೆ ಅದಕ್ಕೂ ಮುಂಚೆ. ನೀರು ಹೋದರೆ, ರಕ್ತ ಕಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮಗುವಿನ ಒದೆತ ಕಡಿಮೆಯಾದರೆ ನೋವಿಗೆ ಕಾಯುವುದೇ ಬೇಡ. ಚೀಟಿಯ ಕೊನೆಗೆ 108, ಅದರ ಕೆಳಗೆ ತವರೂರಲ್ಲಿ ಕಾರಿರುವ ಇಬ್ಬರ ಫೋನ್ ನಂಬರು.