ಸೂಪರ್ ಮಾರಿಯೋ ಲ್ಯಾಂಡ್ 2: ಸೇವ್ ಉಳಿಯದಿದ್ದರೆ

ಗೇಮ್‌ಬಾಯ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರದ 1992ರ ಈ ಆಟವು ಸರಾಗವಾಗಿ ನಡೆಯುತ್ತಿದ್ದರೂ, ಸ್ವಿಚ್ ಆರಿಸಿದೊಡನೆ ದಾಟಿದ ಹಂತಗಳೆಲ್ಲ ಅಳಿಸಿಹೋಗಿ ಮೂರೂ ಸೇವ್ ಕಡತಗಳು ಖಾಲಿಯಾಗುತ್ತಿದ್ದವು. ಕಾರ್ಟ್ರಿಜ್‌ನ (ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿಯ) ಸಂಪರ್ಕಗಳನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ್ದಾಗಲಿ, ಗೇಮ್‌ಬಾಯ್‌ನ ನಾಲ್ಕು ಎಎ ಸೆಲ್‌ಗಳನ್ನು ಬದಲಿಸಿದ್ದಾಗಲಿ ಫಲ ನೀಡಲಿಲ್ಲ. ಸೇವ್ ಉಳಿಸುವುದು ಕಾರ್ಟ್ರಿಜ್‌ನೊಳಗಿನ 3 ವೋಲ್ಟ್ ಬಟನ್ ಸೆಲ್; ಅದು ಬರಿದಾಗಿತ್ತು. ಹೊಸ ಸೆಲ್ಲನ್ನು ಟೇಪಿನಿಂದ ಅಂಟಿಸಿದಾಗ ಸಂಪರ್ಕ ಸಡಿಲಗೊಂಡಿತು; ಹಾಗಾಗಿ ಬೆಸೆಯಲೇಬೇಕಾಯಿತು.

ಇಂಥ ಕಾರ್ಟ್ರಿಜ್‌ಗಳ ಸ್ಕ್ರೂಗೆಂದೇ ಇರುವ 3.8 ಮಿ.ಮೀ. ಗೇಮ್‌ಬಿಟ್‌ನಿಂದ ಸ್ಕ್ರೂ ಬಿಚ್ಚಿ, ಮುಂದಿನ ಕವಚವನ್ನು ತುಸು ಕೆಳಕ್ಕೆ ಜಾರಿಸಿ ಎತ್ತಿ, ಹಳೆಯ ಸೆಲ್ಲಿನ ಸಂಖ್ಯೆಯನ್ನೂ ಪ್ಲಸ್, ಮೈನಸ್ ಬದಿಗಳನ್ನೂ ಗುರುತಿಸಿಕೊಂಡೆ. ಅದೇ ಸಂಖ್ಯೆಯ, ಟ್ಯಾಬ್ (ಲೋಹದ ಪಟ್ಟಿ) ಮೊದಲೇ ಬೆಸೆದಿರುವ ಸೆಲ್ಲನ್ನೇ ತರಬೇಕು. ಬರಿಯ ಸೆಲ್ಲನ್ನು ನೇರವಾಗಿ ಕಾಯಿಸುವುದು ಅಪಾಯಕರ. ಸುಮಾರು 350 ಡಿಗ್ರಿ ಸೆಲ್ಸಿಯಸ್‌ನ ಸೋಲ್ಡರಿಂಗ್ ಐರನ್‌ನಿಂದ ಹಳೆಯ ಟ್ಯಾಬ್‌ಗಳನ್ನು ಒಂದೊಂದಾಗಿ ಬಿಡಿಸಿ, ಅದೇ ದಿಕ್ಕಿನಲ್ಲಿ ಹೊಸದನ್ನು ಬೆಸೆದು, ಮಲ್ಟಿಮೀಟರ್ 3 ವೋಲ್ಟ್ ತೋರಿಸಿದ ಬಳಿಕವೇ ಕವಚ ಮುಚ್ಚಿದೆ. ಈಗ ಗೇಮ್‌ಬಾಯ್ ಆರಿಸಿಟ್ಟರೂ ಸೇವ್ ಉಳಿಯುತ್ತಿದೆ.