ಕ್ಯಾಮೆರಾ ಇರುವ ಅಡಿಕೆ ಯಂತ್ರ: ಪೇಟೆಂಟ್‌ನಿಂದ ಲೈಸೆನ್ಸ್‌ವರೆಗೆ ನಾವು ಮಾಡುವ ಕ್ರಮ

ದಾವಣಗೆರೆ, ಹರಿಹರ, ಚನ್ನಗಿರಿ ಕಡೆಯ ವರ್ಕ್‌ಶಾಪ್‌ಗಳಿಗೆ ಅಡಿಕೆ ಸುಲಿಯುವ ಯಂತ್ರ ಹೊಸದಲ್ಲ. ಈಗ ಅದಕ್ಕೆ ಕ್ಯಾಮೆರಾ ಸೇರಿಕೊಳ್ಳುತ್ತಿದೆ. ಕಾಯಿ ಸುರಿಯುವ ಹಾಪರ್‌ನಿಂದ ಬೆಲ್ಟಿಗೆ ಬಿದ್ದ ಕಾಯಿಯ ಬಣ್ಣ ನೋಡಿ ಹಣ್ಣಡಿಕೆಯನ್ನು ಗೋಟಿನ (ಸಿಪ್ಪೆಸಮೇತ ಒಣಗಿಸುವ ಅಡಿಕೆಯ) ಕಡೆ ತಳ್ಳುವುದು, ದಪ್ಪ ನೋಡಿ ಬ್ಲೇಡಿನ ಅಂತರ ಹೊಂದಿಸುವುದು ಅದರ ಕೆಲಸ. ಇಂಥ ಯಂತ್ರಕ್ಕೆ ಪೇಟೆಂಟ್ ಅರ್ಜಿ ಹಾಕಿ ಬೇರೆ ವರ್ಕ್‌ಶಾಪಿಗೆ ಲೈಸೆನ್ಸ್ ಕೊಡುವವರೆಗಿನ ಕ್ರಮ ಇದು. ಎಐ ಬಂದ ಮೇಲೆ ಹುಡುಕಾಟವೂ ಬರವಣಿಗೆಯೂ ಅಗ್ಗವಾಗಿವೆ. ಯಾರು ಏನು ಯೋಚಿಸಿದರು, ಯಾರಿಗೆ ಯಾವುದನ್ನು ಕೊಟ್ಟರು ಎಂಬ ಲೆಕ್ಕ ಇಡುವುದೇ ಈಗ ಹೆಚ್ಚು ಬೆವರಿಳಿಸುತ್ತದೆ.

ಇಂಥ ಯಂತ್ರ ಈಗಾಗಲೇ ಇದೆಯೇ ಎಂಬ ಹುಡುಕಾಟಕ್ಕೆ ಮೊದಲು ವರ್ಗಸಂಖ್ಯೆ, ಅಂದರೆ ಪೇಟೆಂಟ್‌ಗಳನ್ನು ವಿಷಯವಾರು ವಿಂಗಡಿಸುವ ಅಂತರರಾಷ್ಟ್ರೀಯ ಸಂಕೇತ, ಹಿಡಿಯಬೇಕು. ನಾರಿನ ಸಿಪ್ಪೆ ತೆಗೆಯುವ ಯಂತ್ರಗಳು ಎ23ಎನ್ 5/08ರಲ್ಲಿವೆ, ಬಣ್ಣ ನೋಡಿ ವಿಂಗಡಿಸುವವು ಬಿ07ಸಿ 5/342ರಲ್ಲಿ. ಎಐಗೆ ನಾವು ಕೇಳುವುದು ಎರಡೇ: ಇಂಥ ಕೆಲಸಕ್ಕೆ ಪೇಟೆಂಟ್ ಭಾಷೆಯಲ್ಲಿ ಏನೇನು ಹೆಸರಿವೆ, ಚೀನೀ ದಾಖಲೆಯ ಸಾರಾಂಶವೇನು. ಇದರಲ್ಲಿ ಅದು ಗಟ್ಟಿ. ಪೇಟೆಂಟ್ ಸಂಖ್ಯೆ ಕೊಡು ಎಂದರೆ ಮಾತ್ರ ಇಲ್ಲದ ಸಂಖ್ಯೆಯನ್ನೂ ಧೈರ್ಯವಾಗಿ ಕೊಡುತ್ತದೆ. ಸಂಖ್ಯೆ ನಿಜವಿದ್ದರೂ ಒಳಗೆ ಇನ್ಯಾವುದೋ ಯಂತ್ರ ಇರಬಹುದು. ಹಾಗಾಗಿ ಒಂದೊಂದನ್ನೂ ಭಾರತದ ಪೇಟೆಂಟ್ ಕಚೇರಿಯ ಹುಡುಕು ತಾಣ ಇನ್‌ಪಾಸ್‌ನಲ್ಲಿ ಅಥವಾ ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್‌ನಲ್ಲಿ ತೆಗೆದು ಓದದೆ ಪಟ್ಟಿಗೆ ಸೇರಿಸುವುದಿಲ್ಲ. ಪ್ರಶ್ನೆ ಕೇಳುವಾಗ ಸಮಸ್ಯೆ ಹೇಳಬೇಕು, ನಮ್ಮ ಪರಿಹಾರ ಹೇಳಬಾರದು. ‘ಸಂಭಾಷಣೆಯನ್ನು ತರಬೇತಿಗೆ ಬಳಸಬೇಡ’ ಎಂಬ ಸೆಟ್ಟಿಂಗ್ ಮೊದಲೇ ಹಾಕಿಕೊಳ್ಳಬೇಕು. ಪರಿಹಾರದ ವಿವರ ಟೈಪ್ ಮಾಡುವುದು ತಾತ್ಕಾಲಿಕ (ಪ್ರೊವಿಷನಲ್) ಪೇಟೆಂಟ್ ಅರ್ಜಿ ಸಲ್ಲಿಸಿದ ಮೇಲೇ. ಆನ್‌ಲೈನ್‌ನಲ್ಲಿ ಸಲ್ಲಿಸಿದರೆ ವ್ಯಕ್ತಿಗೆ ಶುಲ್ಕ 1,600 ರೂಪಾಯಿ. ಕರ್ನಾಟಕದ ಅರ್ಜಿ ಚೆನ್ನೈ ಕಚೇರಿಗೆ ಹೋಗುತ್ತದೆ. ಪೂರ್ಣ ಅರ್ಜಿಗೆ 12 ತಿಂಗಳ ಅವಕಾಶ. ಅರ್ಜಿಗಿಂತ ಮುಂಚೆ ಕೃಷಿ ಮೇಳದಲ್ಲಿ ಯಂತ್ರ ಓಡಿಸಿ ತೋರಿಸಿದರೂ, ವಾಟ್ಸಾಪ್ ಗುಂಪಿಗೆ ವಿಡಿಯೊ ಬಿಟ್ಟರೂ ಪೇಟೆಂಟ್‌ಗೆ ಬೇಕಾದ ಹೊಸತನ ಹೋಯಿತು. ಪೇಟೆಂಟ್ ಕಾಯ್ದೆಯ ಸೆಕ್ಷನ್ 31ರ ವಿನಾಯಿತಿ ಸಿಗುವುದು ಕೇಂದ್ರ ಸರ್ಕಾರ ಅಧಿಸೂಚಿಸಿದ ಪ್ರದರ್ಶನಕ್ಕೆ, ಊರ ಮೇಳಕ್ಕಲ್ಲ.

ಎಐ ಬರೆದ ಕರಡಿನಲ್ಲಿ ಎರಡು ದೋಷ ತಪ್ಪುವುದಿಲ್ಲ. ಒಂದು, ಉದ್ದ. 30 ಪುಟ ದಾಟಿದರೆ ಪುಟಕ್ಕೆ 160, 10 ಕ್ಲೇಮ್ (ಯಾವುದರ ಮೇಲೆ ಹಕ್ಕು ಕೇಳುತ್ತೇವೆ ಎಂದು ಹೇಳುವ ಸಾಲು) ದಾಟಿದರೆ ಕ್ಲೇಮಿಗೆ 320 ರೂಪಾಯಿ. ಅದು ಉತ್ಸಾಹದಿಂದ ಬರೆದುಕೊಟ್ಟ 25 ಕ್ಲೇಮನ್ನು ಹಾಗೇ ಹಾಕಿದರೆ 4,800 ರೂಪಾಯಿ ದಂಡ. ಇನ್ನೊಂದು, ಮೊದಲ ಕ್ಲೇಮನ್ನೇ ‘ಚಿತ್ರ ವಿಶ್ಲೇಷಿಸಿ ವರ್ಗೀಕರಿಸುವ ವಿಧಾನ’ ಎಂದು ಶುರು ಮಾಡುತ್ತದೆ. ಸೆಕ್ಷನ್ 3(ಕೆ) ಪ್ರಕಾರ ಬರೀ ಅಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ. ಕ್ಯಾಮೆರಾದಿಂದ ನೋಡಿ ಗಾಳಿ ಊದಿ ಬೇರ್ಪಡಿಸುವುದು ಅಕ್ಕಿ ಗಿರಣಿಯಲ್ಲಿ ಬಣ್ಣ ನೋಡಿ ಅಕ್ಕಿ ವಿಂಗಡಿಸುವ ಸಾರ್ಟೆಕ್ಸ್ ಯಂತ್ರದಷ್ಟು ಹಳೆಯದು. ಹೊಸದು ಏನಾದರೂ ಇದ್ದರೆ ಅಳತೆಗೂ ಬ್ಲೇಡಿಗೂ ನಡುವಿನ ಜೋಡಣೆಯಲ್ಲಿ. ಮೊದಲ ಕ್ಲೇಮ್ ಅಲ್ಲಿಂದ ಶುರುವಾಗಬೇಕು: ಹಾಪರ್, ಬೆಲ್ಟ್, ಕ್ಯಾಮೆರಾ, ಬ್ಲೇಡ್ ಸರಿಸುವ ಮೋಟರ್, ಇವಿಷ್ಟನ್ನೂ ಕಟ್ಟುವ ಕಂಟ್ರೋಲ್ ಬೋರ್ಡ್.

ವಿವರಣೆಯಲ್ಲಿ ಕಂಜೂಸಿ ಸಲ್ಲದು. ಗೊತ್ತಿರುವ ಅತ್ಯುತ್ತಮ ವಿಧಾನವನ್ನೇ ಬರೆಯಬೇಕೆಂದು ಸೆಕ್ಷನ್ 10(4) ಹೇಳುತ್ತದೆ. ಚಿತ್ರ ಗುರುತಿಸುವ ಎಐ ಮಾದರಿಯನ್ನು (ಮಾಡೆಲ್) ‘ತರಬೇತಿ ಪಡೆದ ಮಾದರಿ’ ಎಂದಷ್ಟೇ ಬರೆದರೆ ಆಕ್ಷೇಪ ಬರುತ್ತದೆ. ಯಾವ ಬೆಳಕಿನಲ್ಲಿ, ಎಷ್ಟು ಎತ್ತರದಿಂದ ಚಿತ್ರ ತೆಗೆದದ್ದು, ಮಳೆಯಲ್ಲಿ ನೆಂದ ಗೊನೆಯ ಕಾಯಿ ಸೇರಿದೆಯೇ, ಲೆನ್ಸಿಗೆ ಧೂಳು ಕೂತಾಗ ಏನು ಮಾಡುತ್ತದೆ, ಎಲ್ಲವೂ ಬೇಕು. ಬೆಲ್ಟ್ ಸೆಕೆಂಡಿಗೆ 0.5 ಮೀಟರ್ ಓಡಿ, ಕ್ಯಾಮೆರಾದಿಂದ ಗಾಳಿ ಊದುವ ನಾಝಲ್ 200 ಮಿ.ಮೀ. ದೂರದಲ್ಲಿದ್ದರೆ ಗಾಳಿ ಬಿಡುವುದು 400 ಮಿಲಿಸೆಕೆಂಡ್ ತಡೆದು. ಬೆಲ್ಟ್ ಜಾರಿ ವೇಗ ಶೇ 10 ಇಳಿದರೆ ಕಾಯಿ ಇನ್ನೂ 20 ಮಿ.ಮೀ. ಹಿಂದಿರುತ್ತದೆ, ಗಾಳಿ ಪಕ್ಕದ ಕಾಯಿಗೆ ಬೀಳುತ್ತದೆ. ಅದಕ್ಕೆ ಹೊತ್ತು ಎಣಿಸುವ ಬದಲು ರೋಲರಿಗೆ ಎನ್‌ಕೋಡರ್ (ತಿರುಗಿದ್ದನ್ನು ಅಳೆಯುವ ಸೆನ್ಸರ್) ಹಾಕಿ ದೂರ ಎಣಿಸುವುದು. ಇಂಥ ಸಾಲನ್ನು ಎಐ ತಾನಾಗಿ ಬರೆಯುವುದು ಅಪರೂಪ. ಶೆಡ್ಡಿನಲ್ಲಿ ಯಂತ್ರದ ಪಕ್ಕ ನಿಂತವರೇ ಹೇಳಬೇಕು.

ಸಂಶೋಧಕರ ಕಾಲಂನಲ್ಲಿ ಮನುಷ್ಯರ ಹೆಸರು ಮಾತ್ರ. ಸ್ಟೀಫನ್ ಥೇಲರ್ ತಮ್ಮ ಡಾಬಸ್ ಎಂಬ ಎಐಯನ್ನೇ ಸಂಶೋಧಕ ಎಂದು ತೋರಿಸಿ ಹಾಕಿದ ಅರ್ಜಿಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2022ರಲ್ಲಿ, ಬ್ರಿಟನ್ನಿನ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್ 20ರಂದು ತಳ್ಳಿಹಾಕಿದವು. ನಮ್ಮ ಕಾಯ್ದೆಯ ಸೆಕ್ಷನ್ 6 ಕೂಡ ‘ನಿಜವಾದ ಮತ್ತು ಮೊದಲ ಸಂಶೋಧಕ’ರನ್ನೇ ಕೇಳುತ್ತದೆ. ಅದಕ್ಕೆ ಒಂದು ರಿಜಿಸ್ಟರ್ ಇಡುತ್ತೇವೆ: ದಿನಾಂಕ, ಪ್ರಶ್ನೆ ಕೇಳಿದವರು, ಬಳಸಿದ ಎಐಯ ಹೆಸರು ಮತ್ತು ಆವೃತ್ತಿ, ಬಂದ ಉತ್ತರ, ಅದರಲ್ಲಿ ಬಿಟ್ಟದ್ದು, ಲೇತ್ ಮೇಲೆ ಬದಲಿಸಿದ್ದು, ಬದಲಿಸಿದವರ ಸಹಿ. ನಾಳೆ ಯಾರಾದರೂ ‘ಇದು ನನ್ನ ಐಡಿಯಾ’ ಎಂದು ಸೆಕ್ಷನ್ 25ರಡಿ ವಿರೋಧ ಸಲ್ಲಿಸಿದರೆ ಉತ್ತರ ಇರುವುದು ಈ ಪುಸ್ತಕದಲ್ಲೇ. ತೋಟದವರು, ವೆಲ್ಡಿಂಗ್‌ನವರು, ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಎಲ್ಲರೂ ಜಂಟಿ ಅರ್ಜಿದಾರರಾದರೆ ಇನ್ನೊಂದು ತೊಡಕು: ಸೆಕ್ಷನ್ 50ರ ಪ್ರಕಾರ ಒಬ್ಬೊಬ್ಬರೂ ತಮ್ಮ ಲಾಭಕ್ಕೆ ಯಂತ್ರ ಮಾಡಿಕೊಳ್ಳಬಹುದು, ಆದರೆ ಉಳಿದವರ ಒಪ್ಪಿಗೆ ಇಲ್ಲದೆ ಲೈಸೆನ್ಸ್ ಕೊಡುವಂತಿಲ್ಲ. ಹಾಗಾಗಿ ಹಕ್ಕನ್ನು ಒಬ್ಬರ ಹೆಸರಿಗೆ ಬರೆಸಿ, ಪಾಲಿನ ಲೆಕ್ಕವನ್ನು ಬೇರೆ ಪತ್ರದಲ್ಲಿ ಇಡುವುದು ಮೇಲು.

ಈಗ ಲೈಸೆನ್ಸ್. ಮೊದಲೆಲ್ಲ ಪೇಟೆಂಟ್, ನಕ್ಷೆ ಕೊಟ್ಟರೆ ಮುಗಿಯುತ್ತಿತ್ತು. ಈಗ ಅದರ ಜೊತೆಗೆ ಪ್ರೋಗ್ರಾಂ, ತರಬೇತಾದ ಮಾದರಿಯ ಫೈಲು, ಕಾಯಿಗಳ ಚಿತ್ರಸಂಗ್ರಹ. ಒಂದೊಂದಕ್ಕೂ ಪ್ರತ್ಯೇಕ ಅನುಬಂಧ, ಪ್ರತ್ಯೇಕ ಬೆಲೆ ಬರೆಯುತ್ತೇವೆ. ಬಲವಂತವಾಗಿ ಒಟ್ಟು ಗಂಟು ಹೊರಿಸುವ ಷರತ್ತು ಸೆಕ್ಷನ್ 140ರಂತೆ ಅಸಿಂಧು. ಪೇಟೆಂಟ್ ವಸ್ತುವಲ್ಲದ ಮೋಟರು, ಬೆಲ್ಟುಗಳನ್ನು ನಮ್ಮಿಂದಲೇ ಕೊಳ್ಳಬೇಕು ಎನ್ನುವುದೂ ಅಸಿಂಧು. ಪ್ರೋಗ್ರಾಂನ ಹಕ್ಕು ಕಾಪಿರೈಟ್ ಕಾಯ್ದೆಗೆ ಸೇರಿದ್ದು. ಅಲ್ಲಿ ಅವಧಿ ಬರೆಯದಿದ್ದರೆ ಐದೇ ವರ್ಷ, ವ್ಯಾಪ್ತಿ ಬರೆಯದಿದ್ದರೆ ಭಾರತ ಮಾತ್ರ.

ಜಗಳ ಹುಟ್ಟುವ ಜಾಗ ಬೇರೆಯೇ ಇದೆ. ಲೈಸೆನ್ಸ್ ಪಡೆದವರ ಯಂತ್ರ ಸುಗ್ಗಿಯುದ್ದಕ್ಕೂ ಹೊಸ ಚಿತ್ರ ತೆಗೆಯುತ್ತದೆ, ಅದರಿಂದ ಮಾದರಿ ಸುಧಾರಿಸುತ್ತದೆ. ಆ ಸುಧಾರಣೆ ಯಾರದ್ದು? ‘ಎಲ್ಲವೂ ನಮಗೇ ವಾಪಸ್’ ಎಂದು ಬರೆದರೆ ಅದೇ ಸೆಕ್ಷನ್ 140 ಅಡ್ಡ ಬರುತ್ತದೆ, ಸುಧಾರಣೆಯನ್ನು ಲೈಸೆನ್ಸ್ ಕೊಟ್ಟವರಿಗಷ್ಟೇ ಹಿಂದಿರುಗಿಸಬೇಕೆಂಬ ಷರತ್ತು ಅಲ್ಲಿ ನಿಷಿದ್ಧ. ನಾವು ಬರೆಯುವುದು ಹೀಗೆ: ಚಿತ್ರ ಅವರದ್ದು, ಬಳಸುವ ಅನುಮತಿ ಇಬ್ಬರಿಗೂ, ಒಪ್ಪಂದ ಮುಗಿದರೆ ಮಾದರಿ ಫೈಲಿನ ಯಾವ ಆವೃತ್ತಿ ಅವರ ಬೋರ್ಡಿನಲ್ಲಿ ಉಳಿಯುತ್ತದೆ ಎಂಬುದು ಸಂಖ್ಯೆ ಸಮೇತ. ಮಾದರಿಯ ಬುಡ ಯಾವುದೆಂದೂ ನೋಡಿಕೊಳ್ಳಬೇಕು. ಅಲ್ಟ್ರಾಲಿಟಿಕ್ಸ್ ಕಂಪನಿಯ ಯೋಲೋ (ಚಿತ್ರದಲ್ಲಿ ವಸ್ತು ಗುರುತಿಸುವ ಮಾದರಿ) ಬಳಸಿದ್ದರೆ ಅದರ ಲೈಸೆನ್ಸ್ ಎಜಿಪಿಎಲ್-3.0, ಅವರ ವಾಣಿಜ್ಯ ಲೈಸೆನ್ಸ್ ಕೊಳ್ಳದಿದ್ದರೆ ಸೋರ್ಸ್ ಕೋಡ್ ತೆರೆದಿಡುವ ಹೊಣೆ ನಿಮ್ಮ ಯಂತ್ರದ ಜೊತೆಗೇ ಹೋಗುತ್ತದೆ. ಗೂಗಲ್‌ನ ಎಐ ತಂತ್ರಾಂಶ ಟೆನ್ಸರ್‌ಫ್ಲೋದ ಲೈಸೆನ್ಸ್ ಅಪಾಚೆ 2.0, ಆ ತಕರಾರಿಲ್ಲ.

ರಾಯಲ್ಟಿ ಯಂತ್ರದ ಲೆಕ್ಕದಲ್ಲಿದ್ದರೆ ಬೋರ್ಡಿನ ಸಂಖ್ಯೆಗೂ ಯಂತ್ರದ ಪ್ಲೇಟಿನ ಸಂಖ್ಯೆಗೂ ತಾಳೆ ಇರಲಿ. ಪೇಟೆಂಟ್ ಮಂಜೂರಾಗುವ ಮುಂಚೆಯೂ ಲೈಸೆನ್ಸ್ ಕೊಡಬಹುದು, ಆದರೆ ನಕಲು ಮಾಡಿದವರ ಮೇಲೆ ದಾವೆ ಹೂಡುವುದು ಮಂಜೂರಾದ ಮೇಲೇ. ಈ ಮಾತನ್ನು ಒಪ್ಪಂದದಲ್ಲೇ ಬರೆಯಿರಿ, ಇಲ್ಲವಾದರೆ ಪಕ್ಕದ ಶೆಡ್ಡಿನಲ್ಲಿ ನಕಲು ಕಂಡ ದಿನವೇ ರಾಯಲ್ಟಿ ನಿಲ್ಲುತ್ತದೆ. ಪತ್ರ ಲಿಖಿತವಾಗಿಯೇ ಇರಬೇಕು, ಪೇಟೆಂಟ್ ಕಚೇರಿಯ ಫಾರ್ಮ್ 16ರಲ್ಲಿ ನೋಂದಣಿ ಆಗಬೇಕು. ಮಂಜೂರಾದ ಮೇಲೆ ಯಂತ್ರ ತಯಾರಾಗುತ್ತಿದೆಯೇ ಎಂಬ ಫಾರ್ಮ್ 27ನ್ನು 2024ರ ತಿದ್ದುಪಡಿಯಿಂದ ಮೂರು ಹಣಕಾಸು ವರ್ಷಕ್ಕೊಮ್ಮೆ ಕೊಟ್ಟರೆ ಸಾಕು. ಆ ಮೂರು ವರ್ಷ ಮುಗಿದ ಆರು ತಿಂಗಳೊಳಗೆ ಕೊಡಬೇಕಾದ್ದರಿಂದ, ಲೈಸೆನ್ಸ್ ಪಡೆದವರು ಏಪ್ರಿಲ್‌ನಲ್ಲೇ ಮಾಹಿತಿ ಕಳಿಸಬೇಕೆಂಬ ಸಾಲನ್ನೂ ಸೇರಿಸುತ್ತೇವೆ.